ಆರು ಕಾಲಿನ ಎಮ್ಮೆ

ನರೋಣಾದಲ್ಲಿ ನಮ್ಮ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ನನ್ನ ಗಂಡ ಅದನ್ನು ನಡೆಸುತ್ತಾರೆ. ಜೋಳ ಬೀಸಿಸಲು ಬಂದವರು ಪಾಳಿ ಬರುವ ತನಕ ಕೂರುವ ಕಟ್ಟೆಯ ಮೇಲೆ, ಗೋಡೆಗೆ ನನ್ನ ಚಿತ್ರಗಳು ತೂಗಿರುತ್ತವೆ. ನಾನು ಯಾರ ಹತ್ತಿರವೂ ಕಲಿತವಳಲ್ಲ. ನಲವತ್ತು ದಾಟಿದ ಮೇಲೆ, ಬಾಗಿಲಿಗೆ ಹಚ್ಚಿ ಉಳಿದ ಬಣ್ಣ ಚೆಲ್ಲಲು ಮನಸ್ಸಾಗದೆ, ಹಳೆಯ ಫ್ಲೆಕ್ಸಿನ ಬಿಳಿ ಬೆನ್ನಿನ ಮೇಲೆ ಬರೆಯತೊಡಗಿದೆ. ಕಂಡದ್ದನ್ನು ಕಂಡ ಹಾಗೆ ಬರೆಯಲು ನನಗೆ ಬರುವುದೂ ಇಲ್ಲ, ಅದು ಬೇಕೂ ಇಲ್ಲ. ನನ್ನ ತೊಗರಿ ಹೊಲದ ಮೇಲೆ ಮೀನು ಹಾರುತ್ತವೆ. ಭೀಮಾ ಹೊಳೆ ಗೋಡೆಯಂತೆ ಎದ್ದು ನಿಲ್ಲುತ್ತದೆ, ಹೆಂಗಸರು ಅದನ್ನು ಹತ್ತಿ ಹೋಗುತ್ತಾರೆ.

ಒಂದು ಚಿತ್ರದಲ್ಲಿ ಎಮ್ಮೆಯೊಂದು ಇಡೀ ಮನೆ ಹೊತ್ತು ನೀರಿನ ಮೇಲೆ ನಡೆದಿತ್ತು. ಮನೆ ಭಾರ, ಅದಕ್ಕೇ ಎಮ್ಮೆಗೆ ಆರು ಕಾಲು ಕೊಟ್ಟಿದ್ದೆ. ಹಿಟ್ಟು ಒಯ್ಯಲು ಬಂದ ಚಿತ್ರಕಲಾ ಮಾಸ್ತರರೊಬ್ಬರು ಅದನ್ನು ಬಹಳ ಹೊತ್ತು ನೋಡಿದರು. ಆಳಂದದಲ್ಲಿ ಪ್ರದರ್ಶನವಿದೆ, ಬಹುಮಾನವೂ ಇದೆ ಎಂದು ಹೇಳಿ, ಚಿತ್ರ ಕೇಳಿ ಒಯ್ದರು. ನಾನು ಸಂತೋಷದಿಂದಲೇ ಕೊಟ್ಟೆ.

ಪ್ರದರ್ಶನದ ದಿನ ಗಿರಣಿ ಮುಚ್ಚಿ ಇಬ್ಬರೂ ಬಸ್ ಹತ್ತಿದೆವು. ಸಭಾಂಗಣದೊಳಗೆ ಹೋಗಿ ನೋಡಿದರೆ ನನ್ನ ಎಮ್ಮೆಗೆ ನಾಲ್ಕೇ ಕಾಲು. ಉಳಿದೆರಡು ಇದ್ದ ಜಾಗದಲ್ಲಿ ನೀಲಿ ನೀರು ಬಳಿದಿದ್ದರು. ಆ ನೀರು ನನ್ನ ನೀರಿಗಿಂತ ಚೆಂದವಿತ್ತು. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು.

“ಮಾಸ್ತರ್, ಎರಡು ಕಾಲು ಎಲ್ಲಿ ಹೋದ್ವು?”

“ಸ್ವಲ್ಪ ತಿದ್ದೇನ್ರಿ ಅಕ್ಕಾರ. ಎಮ್ಮಿಗೆ ಆರು ಕಾಲಂದ್ರ ಮಂದಿ ನಗ್ತಾರ.”

“ಮನಿ ಹೊತ್ತು ಹೊಳಿ ಮ್ಯಾಲ ನಡ್ಯೂದು ನಿಮಗ ನಡೀತದ, ಎರಡು ಕಾಲು ನಡಿಯಂಗಿಲ್ಲೇನ್ರಿ?”

ಅವರು ದನಿ ತಗ್ಗಿಸಿದರು. “ನಿಮ್ಮ ಒಳ್ಳೇದಕ್ಕ ಮಾಡೇನ್ರಿ. ನಿಮಗ ಹೇಳಿಕೊಟ್ಟವರು ಯಾರೂ ಇಲ್ಲ, ಅದಕ್ಕ…”

“ಹೇಳಿಕೊಟ್ಟವರಿಲ್ಲ, ಖರೆ. ಹಂಗಂತ ನನಗ ಎಣಸಾಕ ಬರಂಗಿಲ್ಲ ಅಂದ್ಕೊಂಡ್ರೇನು?”

ಚಿತ್ರವನ್ನು ಮೊಳೆಯಿಂದ ಇಳಿಸಿದೆ. ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಕರಿ ಬಣ್ಣದ ಸಣ್ಣ ಡಬ್ಬಿ, ಒಂದು ಬ್ರಶ್ ತರಲು ಗಂಡನಿಗೆ ಹೇಳಿದೆ. ಸಂತೆಯಲ್ಲೂ ನನ್ನಿಂದ ಎರಡು ಹೆಜ್ಜೆ ದೂರ ನಡೆಯುವ ಸಂಕೋಚದ ಮನುಷ್ಯ ಅವರು. ತಂದರೂ, ಕೊಡುವಾಗ ಮೆಲ್ಲಗೆ, “ಮಂದಿ ನೋಡಾಕತ್ತಾರ” ಎಂದರು.

“ನೋಡ್ಲಿ. ನೋಡಾಕಂತನ ಬಂದಾರ.”

ನೆಲದ ಮೇಲೆ ಚಿತ್ರ ಹಾಸಿ ಕೂತೆ. ಫ್ಲೆಕ್ಸಿನ ತುದಿ ಮಡಚಿಕೊಳ್ಳುತ್ತಿತ್ತು. ಯಾರೂ ಹೇಳದೆ ಗಂಡ ಮೊಣಕಾಲೂರಿ ಎರಡೂ ಮೂಲೆ ಒತ್ತಿ ಹಿಡಿದರು. ಮಾಸ್ತರರು, “ತೀರ್ಪುಗಾರರು ಬರೋ ಹೊತ್ತಾತ್ರಿ, ಹಸಿ ಬಣ್ಣ ಇದ್ರ ತಗೊಳಂಗಿಲ್ರಿ” ಎಂದು ಎರಡು ಸಲ ಹೇಳಿದರು. ನಾನು ಐದನೆಯ ಕಾಲು ಬರೆದೆ, ಆರನೆಯದನ್ನೂ ಬರೆದೆ. ಬ್ರಶ್ಶಿನಲ್ಲಿ ಬಣ್ಣ ಇನ್ನೂ ಇತ್ತು, ಏಳನೆಯದನ್ನೂ ಬರೆದೆ.

ತೀರ್ಪುಗಾರರು ನನ್ನ ಚಿತ್ರ ದಾಟಿ ಮುಂದೆ ಹೋದರು. ಬಹುಮಾನ ಎತ್ತಿನಗಾಡಿಯ ಚಿತ್ರವೊಂದಕ್ಕೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಬಸ್ಸಿನಲ್ಲಿ ಹಸಿ ಬಣ್ಣ ಯಾರಿಗೂ ತಾಗದಂತೆ ಚಿತ್ರವನ್ನು ಎತ್ತಿ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದವರು ನನ್ನ ಗಂಡ. ಪಕ್ಕದವರು ಏನಿದು ಎಂದು ಕೇಳಿದಾಗ, “ನಮ್ಮ ಮನಿಯಾಕಿ ಬರದಾಳ್ರಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮುಂದಿನ ವರ್ಷ ಮಾಸ್ತರರು ಮತ್ತೆ ಬಂದರು. ಈ ಸಲ ಅಫಜಲಪುರದಲ್ಲಿ ಪ್ರದರ್ಶನವಂತೆ. ಗೋಡೆಯಂತೆ ಎದ್ದು ನಿಂತ ಹೊಳೆಯ ಚಿತ್ರ ಕೇಳಿದರು.

“ಒಯ್ರಿ. ಬ್ರಶ್ ಮುಟ್ಟಿಸಿದ್ರ ಮಾತ್ರ ಅಲ್ಲೇ ಬಂದು ಕೂಡ್ತೇನಿ” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಚಿತ್ರ ಹೋದ ಹಾಗೆಯೇ ತಿರುಗಿ ಬಂತು.