ಮಂಜಿನೊಳಗಿನ ಹಾಜರಿ

ಈಜುಕೊಳದ ಅಂಚಿನ ಹಾಸುಗಲ್ಲು ಜಾರಬಹುದಿತ್ತು; ಕ್ಲೋರಿನ್ ಹೆಚ್ಚಾಗಿ ಕಣ್ಣು ಕೆಂಡವಾಗಬಹುದಿತ್ತು, ಕಡಿಮೆಯಾಗಿ ಕಿವಿ ಸೋರಬಹುದಿತ್ತು; ಅಂಗಾತ ಈಜುವವರ ನೆತ್ತಿಗೆ ಗೋಡೆ ಬಡಿಯಬಹುದಿತ್ತು; ಜಿಗಿಯುವ ಕಟ್ಟೆ ಅಲುಗಾಡಬಹುದಿತ್ತು; ಬೆಳಿಗ್ಗೆ ತಿಂದ ಬಾಳೆಹಣ್ಣು ನಡುನೀರಿನಲ್ಲಿ ಮುಷ್ಕರ ಹೂಡಬಹುದಿತ್ತು; ಮಾಕುಟ್ಟದ ಕಾಡಿನಿಂದ ದಾರಿತಪ್ಪಿದ ಆನೆಯೊಂದು ನೀರು ಕಂಡು ಇಳಿದುಬಿಡಬಹುದಿತ್ತು. ಈ ಕೊನೆಯದನ್ನು ಕೇಳಿದ ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು, "ಆನೆ ಈಜುತ್ತೆ ಕಣ್ರೀ, ನಿಮಗಿಂತ ಚೆನ್ನಾಗಿ. ನೀವು ದಡದಲ್ಲಿ ನೆಟ್ಟಗೆ ನಿಂತ್ಕೊಂಡ್ರೆ ಸಾಕು" ಎಂದಳು.

ಚಿಂತೆ ನನ್ನ ಉಪಕಸುಬು. ಮುಖ್ಯ ಕಸುಬು ಕುಶಾಲನಗರದ ಬಳಿ ಶುಂಠಿ ಬೆಳೆಯುವುದು. ಕೊಳೆರೋಗದ ದೆಸೆಯಿಂದ ಅದೂ ಚಿಂತೆಯದೇ ಒಂದು ಶಾಖೆ. ಹಾಸನದ ಬಯಲಿನಿಂದ ಬಂದು ಕಾವೇರಿಯ ದಡದಲ್ಲಿ ನೆಲೆಸಿದ ವಂಶದವನಾದರೂ ಮೊಣಕಾಲಿಗಿಂತ ಆಳದ ನೀರಿನೊಡನೆ ನನಗೆ ಪರಿಚಯವಿಲ್ಲ. ಇಂಥವನಿಗೆ ವಿಧಿ ಸಿಂಚನಾ ಎಂಬ ಮಗಳನ್ನು ಕೊಟ್ಟು, ಆಕೆಗೆ ಮೀನಿನ ಸ್ವಭಾವವನ್ನು ದಯಪಾಲಿಸಿತು. ಅವಳು ಸ್ಪರ್ಧೆಗಳಲ್ಲಿ ಈಜುತ್ತಾಳೆ. ನಾನು ದಡದಲ್ಲಿ ಟವೆಲ್ ಹಿಡಿದು ಅವಳ ಪಾಲಿನ ಉಸಿರನ್ನೂ ಬಿಗಿಹಿಡಿಯುತ್ತೇನೆ.

ಅವಳ ತರಬೇತುದಾರರಾದ ಪೊನ್ನಮ್ಮನವರದು ಒಂದು ವಿಚಿತ್ರ ಪದ್ಧತಿ. ಮಕ್ಕಳನ್ನು ಜೋಡಿಜೋಡಿಯಾಗಿ ನೀರಿಗಿಳಿಸುತ್ತಾರೆ. ಸೀಟಿ ಊದಿದೊಡನೆ ಈಜು ನಿಲ್ಲಿಸಿ, ಪ್ರತಿಯೊಬ್ಬರೂ ಜೊತೆಗಾರರನ್ನು ಹಿಡಿದುಕೊಂಡು ಅವರ ಹೆಸರನ್ನು ಕೂಗಬೇಕು. ತನ್ನ ಹೆಸರನ್ನು ತಾನೇ ಕೂಗಿದರೆ ಹಾಜರಿಯಿಲ್ಲ. ಒಮ್ಮೆ ಕೂಗಿದರೆ ಜೊತೆಗಾರ ಕ್ಷೇಮ. ಬಿಡದೆ ಕೂಗುತ್ತಿದ್ದರೆ ಏನೋ ಆಗಿದೆ, ಬನ್ನಿ ಎಂದರ್ಥ. ಇದೇನು ಹೀಗೆ ಎಂದು ನಾನು ಮೊದಲ ದಿನವೇ ಕೇಳಿದ್ದೆ.

"ಮುಳುಗೋರು ಕೂಗಾಡಲ್ಲ ಸರ್," ಎಂದರು ಪೊನ್ನಮ್ಮ. "ಕೈ ಬೀಸಿ ಕಿರುಚೋದೆಲ್ಲ ಸಿನಿಮಾದಲ್ಲಿ. ಇಲ್ಲಿ ಸೌಂಡೇ ಇಲ್ಲ. ಇರ್ತಾರೆ, ಆಮೇಲೆ ಇರಲ್ಲ. ಅದಕ್ಕೇ ಇವಳು ಇದ್ದಾಳೆ ಅಂತ ಅವಳು ಹೇಳ್ಬೇಕು."

ಆ ರಾತ್ರಿ ನಾನು ನಿದ್ರಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸ್ಪರ್ಧೆ ನಡೆದದ್ದು ಮಡಿಕೇರಿಯ ಕಡೆಯ ಒಂದು ಗುಡ್ಡದ ನೆತ್ತಿಯ ತೆರೆದ ಕೊಳದಲ್ಲಿ. ಬೆಳಿಗ್ಗೆ ಮೈ ಬೆಚ್ಚಗಾಗಿಸುವ ಈಜಿಗೆ ಮುನ್ನ ಪೊನ್ನಮ್ಮ ಅಂಚಿನಲ್ಲಿ ನಿಂತು, ಕೊಳದ ತಳದ ಕಪ್ಪು ಗೆರೆ ಈ ಕೊನೆಯಿಂದ ಆ ಕೊನೆಯವರೆಗೆ ಕಾಣುವುದೆಂದು ಖಾತ್ರಿ ಮಾಡಿಕೊಂಡೇ ಮಕ್ಕಳನ್ನು ಇಳಿಸಿದರು. ಸಿಂಚನಾಳ ಜೋಡಿ ಸಫಿಯಾ; ತೆಳ್ಳಗಿನ ಹುಡುಗಿ, ಉಬ್ಬಸದ ಕಾಯಿಲೆಯವಳು. ಅವಳ ಉಸಿರಿನ ಪಂಪು ಸದಾ ಪೊನ್ನಮ್ಮನವರ ಸೊಂಟದ ಚೀಲದಲ್ಲಿರುತ್ತದೆ.

ಮಂಜು ಬಂದದ್ದು ಆಮೇಲೆ. ಮೊದಲೇ ಅನುಮತಿ ಪಡೆದ ಅತಿಥಿಯಂತೆ ಅದು ಕಾಂಪೌಂಡು ದಾಟಿ ನಿಧಾನವಾಗಿ ನೀರಿನ ಮೇಲೆ ಕುಳಿತಿತು. ಆಚೆ ಕೊನೆಯ ಗೋಡೆ ಹೋಯಿತು, ಈಜುಸಾಲುಗಳನ್ನು ಬೇರ್ಪಡಿಸುವ ಹಗ್ಗದ ಕೆಂಪು ಬಿಲ್ಲೆಗಳು ಒಂದೊಂದಾಗಿ ಹೋದವು, ಮಕ್ಕಳು ಹೋದರು. ಉಳಿದದ್ದು ನೀರು ಬಡಿಯುವ ಸದ್ದು ಮಾತ್ರ. ಬಡಿಯುವ ಕೈಗಳಿಲ್ಲದ, ಎಲ್ಲಿಂದಲೂ ಬಂದು ಎಲ್ಲಿಂದಲೂ ಬಾರದಂತಿದ್ದ ಸದ್ದು. ಹಗಲು ಹೊತ್ತಿನಲ್ಲಿ, ಹತ್ತಾರು ಪೋಷಕರ ನಡುವೆ, ನಾನು ಒಣ ಟವೆಲನ್ನು ಹಿಂಡತೊಡಗಿದೆ.

ಸೀಟಿ ಕೇಳಿಸಿತು. ಸದ್ದು ತಟ್ಟನೆ ನಿಂತಿತು. ಓದುಗರೇ, ಅಷ್ಟು ಮಕ್ಕಳನ್ನು ಒಳಗಿಟ್ಟುಕೊಂಡು ಅಷ್ಟು ಸುಮ್ಮನಿದ್ದ ನೀರನ್ನು ನಾನು ಕಂಡಿರಲಿಲ್ಲ, ಆಗಲೂ ಕಾಣುತ್ತಿರಲಿಲ್ಲ.

ಆಮೇಲೆ ಹೆಸರುಗಳು ಬಂದವು. ಬಾಯಿಗಳು ಕಾಣಲಿಲ್ಲ, ಹೆಸರುಗಳಷ್ಟೇ. "ಕಾವ್ಯಾ!" "ದೇಚಮ್ಮ!" "ಜೋಸೆಫ್!" "ಸಫಿಯಾ!" ಮಂಜು ಎಲ್ಲ ಕಂಠಗಳನ್ನೂ ನೆನೆಸಿ ಹಿಂಡಿ ಒಂದೇ ಬಣ್ಣಕ್ಕೆ ತಂದಿತ್ತು. ನಾನು ಒಂದೇ ಒಂದು ಹೆಸರಿಗೆ ಕಾದಿದ್ದೆ. ಅದು ಬರಲಿಲ್ಲ. ಹೆಸರುಗಳ ಸರದಿ ಮುಗಿಯಿತು; ಸಿಂಚನಾ ಎಂದು ಯಾರೂ ಕೂಗಲಿಲ್ಲ.

ನಾನು ಓಡಿದೆ. "ಓಡ್ಬೇಡಿ! ಜಾರ್ತದೆ!" ಎಂದು ಪೊನ್ನಮ್ಮನವರ ದನಿ ಗದರಿತು, ಅವರು ಮಾತ್ರ ಓಡದೆ, ದಾಪುಗಾಲು ಹಾಕಿ ಅಂಚಿನುದ್ದಕ್ಕೂ ಆಚೆಗೆ ನಡೆದು ಮಂಜಿನೊಳಗೆ ಕರಗಿದರು. ನಾನು ಕಿವಿಯಾಗಿ ನಿಂತೆ. ಅಷ್ಟರಲ್ಲಿ ಯಾವುದೋ ಹುಡುಗಿ "ಸಫಿಯಾ! ಸಫಿಯಾ! ಸಫಿಯಾ!" ಎಂದು ಒಂದೇ ಸಮನೆ ಕೂಗತೊಡಗಿದಳು. ಆ ಕೂಗಿನಲ್ಲಿ ನನ್ನ ಮಗಳ ಹೆಸರು ಎಲ್ಲಿ ಮುಚ್ಚಿಹೋಗುವುದೋ ಎಂದು ನನಗೆ ಜೀವವೇ ಹೋದಂತಾಗಿ, "ಏಯ್, ಯಾರಮ್ಮ ಅದು? ಒಂಚೂರು ಸುಮ್ನಿರು!" ಎಂದು ನೀರಿನ ಕಡೆಗೆ ಅರಚಿದೆ.

ದನಿ ಒಂದು ಕ್ಷಣ ತಡೆಯಿತು. ಮತ್ತೆ, ಇನ್ನೂ ಜೋರಾಗಿ, ಶುರುವಾಯಿತು.

ಪೊನ್ನಮ್ಮ ಆ ದನಿಯನ್ನೇ ಹಿಡಿದು ಹೋಗಿದ್ದರು. ನಾನು ಕಾಂಪೌಂಡು ಗೋಡೆ ತಡಕುತ್ತಾ ತಲುಪುವಷ್ಟರಲ್ಲಿ ಸಫಿಯಾಳನ್ನು ಮೇಲೆಳೆದು ಕೂರಿಸಿ, ಪಂಪನ್ನು ಅವಳ ಬಾಯಿಗಿಟ್ಟಿದ್ದರು. ಥಂಡಿ ಮಂಜಿಗೆ ಉಬ್ಬಸ ಕೆರಳಿ, ಹೆಸರು ಕೂಗುವುದಿರಲಿ, ಉಸಿರು ಬಿಡುವುದೂ ಆ ಹುಡುಗಿಗೆ ಸಾಧ್ಯವಾಗಿರಲಿಲ್ಲ. ನನ್ನ ಮಗಳು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅವಳ ಗದ್ದ ಹಿಡಿದು ತೇಲಿಸಿಟ್ಟಿದ್ದಳಂತೆ. ಸಫಿಯಾಳ ಎದೆಯ ಸಿಳ್ಳು ನಿಧಾನಕ್ಕೆ ಇಳಿಯಿತು. "ಇವತ್ತು ನೀನು ಈಜಲ್ಲ, ಅಳೋ ಹಾಗೂ ಇಲ್ಲ. ಡಾಕ್ಟರ್ ನೋಡ್ಲಿ," ಎಂದರು ಪೊನ್ನಮ್ಮ. ಆಕೆ ಅತ್ತಳು, ಅಳುವಷ್ಟು ಉಸಿರು ಬಂದದ್ದಕ್ಕೆ ಎಲ್ಲರಿಗೂ ಸಂತೋಷವಾಯಿತು.

"ಸಿಂಚನಾ ಹೆಸರು ಬರ್ಲಿಲ್ಲವಲ್ಲ ಮೇಡಂ, ನಾನು ಅವಳೇ…" ಎಂದು ತೊದಲಿದೆ.

ಪೊನ್ನಮ್ಮ ನನ್ನನ್ನು ಕನಿಕರದಿಂದ ನೋಡಿದರು. "ಸಫಿಯಾ ಹೆಸರು ಬರ್ತಾನೇ ಇತ್ತಲ್ಲ ಸರ್. ಕೂಗ್ತಾ ಇದ್ದದ್ದು ಮತ್ತೆ ಯಾರು?"

ನಾನು ಟವೆಲ್ ಬಿಡಿಸಿ ಮಗಳ ತಲೆ ಒರೆಸತೊಡಗಿದೆ. ಅವಳ ಹಲ್ಲು ಕಟಕಟಿಸುತ್ತಿತ್ತು. ಕೂಗಿ ಕೂಗಿ ದನಿ ಒಡೆದುಹೋಗಿತ್ತು.

"ಅಪ್ಪಾ," ಎಂದಳು ಟವೆಲಿನೊಳಗಿಂದ, "ನಾನು ಕೂಗ್ತಿದ್ನಲ್ಲ, ಆಗ ಯಾರೋ ಒಬ್ಬ ಸುಮ್ನಿರು ಅಂತ ಗದರಿದ. ಭಯ ಆಗ್ಬಿಡ್ತು. ಯಾರಪ್ಪಾ ಅದು?"

"ಗೊತ್ತಾಗ್ಲಿಲ್ಲ ಮಗಾ," ಎಂದೆ. "ಮಂಜಿತ್ತಲ್ಲ."