ನಿಂಗವ್ವ ಹತ್ತದ ಬಸ್ಸು

ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆಯುಟ್ಟ ಹೆಂಡತಿ ನಿಂಗವ್ವ ಹೊಸ ಬಸ್ಸಿನ ಹಿಂದಿನ ಬೆಂಚಿನ ಮೇಲೆ ಕೂತರೇನೇ ಮೌನೇಶಪ್ಪ ಮೇಸ್ತ್ರಿಗೆ ಸಮಾಧಾನ. ಲಿಂಗಸುಗೂರಿನಲ್ಲಿ ಅವನದೊಂದು ತಗಡಿನ ಷೆಡ್ಡು. ಬರೀ ಇಂಜಿನ್ನು, ಗಾಲಿ ಹೊತ್ತು ಬಂದ ಚಾಸಿಗೆ ಕಟ್ಟಿಗೆಯ ಬಾಡಿ ಕಟ್ಟಿ ಬಸ್ಸು ಮಾಡುವುದು ಅವನ ಕಸುಬು. ನಾನು ಅಲ್ಲಿ ಕಮ್ಮಾರ. ಮಾಲೀಕರು ಎಷ್ಟೇ ಅವಸರ ಮಾಡಲಿ, ನಿಂಗವ್ವ ಕೂತು ಮಸ್ಕಿಗೆ ಹೋಗಿ ಬರದ ಹೊರತು ಮೇಸ್ತ್ರಿ ಬಸ್ಸು ಬಿಟ್ಟುಕೊಡುತ್ತಿರಲಿಲ್ಲ.

'ನನ್ನ ಮನಿಯಾಕಿ ಕುಂತು ಬಂದ್ರ, ಊರ ಮಂದೀನೂ ಕುಂದ್ರಬಹುದು,' ಎನ್ನುತ್ತಿದ್ದ.

ಮೂಗಿನ ತುದಿಯಲ್ಲೇ ಸಿಟ್ಟು. ನಾನು ಬಿಗಿದದ್ದನ್ನು ಅಲುಗಾಡಿಸಿ, 'ಇದೇನ್ ಬೋಲ್ಟೇನಲೇ, ಮುದುಕನ ಹಲ್ಲೇನಲೇ?' ಎಂದು ಬೈಯುತ್ತಿದ್ದ. ಆ ಬೈಗುಳ ಈಗಲೂ ಬೇಕೆನಿಸುತ್ತದೆ.

ನಿಜಾಮಶಾಹಿ ಹೋದ ಹೊಸತು. ಸಿಂಧನೂರು ಕಡೆ ಕಾಲುವೆ ಅಗೆಯುತ್ತಿದ್ದರು. ಕೂಲಿಯವರನ್ನು ಒಯ್ಯಲು ಸಾಹುಕಾರನೊಬ್ಬ ಬಸ್ಸು ಮಾಡಿಕೊಡಲು ಹೇಳಿದ. ಅವನು ಕಳಿಸಿದ ಕಟ್ಟಿಗೆ ಹಸಿ. ಒಂದು ಬೇಸಿಗೆ ಒಣಗಲಿ, ಇಲ್ಲದಿದ್ದರೆ ಟಾಪು ಹೊರುವ ಕಂಬಗಳು ಬಿರಿಯುತ್ತವೆ ಎಂದು ಮೇಸ್ತ್ರಿ ಬಡಕೊಂಡ. ಸಾಹುಕಾರನಿಗೇನು, ಅವನೇನು ಅದರಲ್ಲಿ ಕೂಡುವವನೇ? ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಮುಂದಿನ ಬಸ್ಸುಗಳೂ ಅವರಿಗೇ ಎಂದ. ಮೇಸ್ತ್ರಿ ಕಟ್ಟಿಗೆ ಕೆತ್ತುವ ಬಾಚಿ ಎತ್ತಿಕೊಂಡ.

ಕೆಲಸ ಮುಗಿದ ಬೆಳಿಗ್ಗೆ ನಿಂಗವ್ವ ಎಂದಿನಂತೆ ಸೀರೆಯುಟ್ಟು ಬಂದಳು. ಮೇಸ್ತ್ರಿ ಅವಳ ಮುಖ ನೋಡಲಿಲ್ಲ.

'ಇವತ್ತ ಬ್ಯಾಡ. ಮನಿಗೆ ನಡಿ,' ಎಂದ.

ಬಸ್ಸು ಸೀದಾ ಕಾಲುವೆ ಕೆಲಸಕ್ಕೆ ಹೋಯಿತು.

ಬೇಸಿಗೆಯ ಬಿಸಿಲಿಗೆ ಕಂಬಗಳು ಬಿರಿದವು. ಮಸ್ಕಿ ಹಳ್ಳಕ್ಕೆ ಇಳಿಯುವಾಗ ಟಾಪು, ಅದರ ಮೇಲೆ ಕೂತವರ ಸಮೇತ, ಒಳಗಿನವರ ಮೇಲೆ ಕುಸಿಯಿತು. ಸತ್ತವರಲ್ಲಿ ಹೆಚ್ಚಿನವರು ಜವಳಗೇರಾದ ಒಂದೇ ಓಣಿಯ ಹೆಂಗಸರು. ಸುದ್ದಿ ತಿಳಿದು ನಿಂಗವ್ವ ಷೆಡ್ಡಿಗೆ ಬಂದಳು. ನಮ್ಮೆಲ್ಲರ ಎದುರಿಗೇ ಕೇಳಿದಳು.

'ನನ್ನ ಕುಂದ್ರಸಲಾರದ ಬಸ್ಸಿನ್ಯಾಗ ಅವರನ್ನ ಹೆಂಗ ಕುಂದ್ರಿಸಿದ್ರಿ?'

ಮೇಸ್ತ್ರಿ ಮತ್ತೆ ಬಾಚಿ ಮುಟ್ಟಲಿಲ್ಲ. ಷೆಡ್ಡು ಮುಚ್ಚಿತು.

ಕೊನೆಯ ಸಲ ಅವನನ್ನು ಕಂಡದ್ದು ಮುದಗಲ್ಲಿನಲ್ಲಿ. ಸೊರಗಿ ಕಡ್ಡಿಯಾಗಿದ್ದ. ಲಿಂಗಸುಗೂರಿನ ಬಸ್ಸು ಬಂತು. ಹಿಂದೆ ಅವನೇ ಕಟ್ಟಿದ್ದು, ಇನ್ನೂ ಗಟ್ಟಿಮುಟ್ಟಾಗಿತ್ತು. ಬಾ ಎಂದು ಕೈ ಹಿಡಿದೆ. ಬಿಡಿಸಿಕೊಂಡ.

'ಆಕಿ ನಡಕೋತ ಮುಂದ ಹೋಗ್ಯಾಳ. ನಾ ಹೆಂಗ ಹತ್ತಲಿ?'

ನಾನೊಬ್ಬನೇ ಹತ್ತಿ ಹಿಂದಿನ ಬೆಂಚಿನಲ್ಲಿ ಕೂತೆ. ಊರು ದಾಟಿದ ಮೇಲೆ ರಸ್ತೆಯಲ್ಲಿ ನಿಂಗವ್ವ ಕಂಡಳು. ಬಸ್ಸಿನ ಸಪ್ಪಳ ಕೇಳಿ ಹೊಲಕ್ಕಿಳಿದು, ಅದು ದಾಟುವ ತನಕ ಬೆನ್ನು ತಿರುಗಿಸಿ ನಿಂತಳು.