ನೋವಿಲ್ಲದ ಸೊಂಟಗಳು

ಕೇಳಿದಿರಾ, ಮುದ್ದೇಬಿಹಾಳದ ಎಪಿಎಂಸಿಯಲ್ಲಿ ಯಾವ ಹಮಾಲನಿಗೂ ಸೊಂಟ ನೋವಿಲ್ಲವಂತೆ. ಚೀಲ ಎತ್ತುವ ಹೊಸ ಯಂತ್ರವನ್ನು ಮೂರು ತಿಂಗಳು ಇಟ್ಟು ನೋಡಲು ಸರ್ಕಾರ ದುಡ್ಡು ಕೊಟ್ಟಿದೆ. ಯಂತ್ರ ಇಲ್ಲಿಗೆ ಬೇಕೋ ಬೇಡವೋ ನೋಡಿ, ನೋವಿದ್ದವರ ಹೆಸರು ಬರೆದುಕೊಳ್ಳಲು ಇವತ್ತು ಇಲಾಖೆಯ ಸಾಹೇಬರು ಬಂದಿದ್ದರು. ಒಬ್ಬೊಬ್ಬನೂ ಎದೆ ಉಬ್ಬಿಸಿ, "ನಮಗೇನಾಗೇತ್ರಿ, ಗಟ್ಟಿ ಅದೀವಿ" ಎಂದ. ನೋವೆಂದವನನ್ನು ನಾಳೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಭಯ.

"ಹಂಗಾದ್ರ ಯಂತ್ರ ಸಿಂದಗಿಗೆ ಕಳಸ್ತೇವಿ" ಎಂದು ಸಾಹೇಬರು ಪೆನ್ನು ಮುಚ್ಚಿದರು.

ಗೇಟಿನಲ್ಲಿ ಚಹಾ ಮಾರುವ ನನಗೆ ಇವರ ಸೊಂಟದ ಹಣೆಬರಹ ಗೊತ್ತಿಲ್ಲವೇ? ಬೆಂಚಿನಿಂದ ಏಳಲು ದಿನಾ ನನ್ನ ಕೈ ಹಿಡಿಯುವವರು. ಸಾಹೇಬರ ಕಾಗದ ಕಸಿದು ನೆಲಕ್ಕೆ ಹಾಕಿದೆ.

"ಗಟ್ಟಿ ಇದ್ದಾಂವ ಬಗ್ಗಿ ಎತ್ತಿಕೊಡ್ರೋ."

ಯಾರೂ ಬಗ್ಗಲಿಲ್ಲ. ಒಬ್ಬ ಕಾಲ್ಬೆರಳಿನಿಂದ ಎತ್ತಲು ನೋಡಿದ. ಕೊನೆಗೆ ಸಾಹೇಬರೇ ಬಗ್ಗಿದರು, ಅರ್ಧಕ್ಕೇ ನಿಂತು "ಯವ್ವಾ" ಎಂದರು.

"ಮೊದಲ್ನೇ ಹೆಸರು ನಿಮ್ದ ಬರ್ಕೋರಿ" ಅಂದೆ.

ನಕ್ಕು ನಕ್ಕು ಹಮಾಲರೆಲ್ಲ ಹೆಸರು ಬರೆಸಿದರು. ಎಲ್ಲರಿಗೂ ನೋವಿದ್ದ ಮೇಲೆ ಕೆಲಸಕ್ಕೆ ಯಾರನ್ನು ಬಿಟ್ಟು ಯಾರನ್ನು ಕರೆದಾರು? ಯಂತ್ರ ನಮಗೇ ಉಳಿಯಿತು. ಸಾಹೇಬರನ್ನು ಎತ್ತಿ ಜೀಪಿಗೆ ಹತ್ತಿಸಿದ್ದು ಮಾತ್ರ ಹಮಾಲರೇ.